ಶಾಲೆಯ ಮಕ್ಕಳೂ ಊರಿನ ನೆಲವೂ
(ಗ್ರಾಮಶಾಲೆಗಳ ಉಪಾಧ್ಯಾಯರೂ ಪಟ್ಟಣದ ಗೃಹಸ್ಥರೂ ಕೂಡಿದ ಸಭೆಯಲ್ಲಿ ಮಾಡಿದ ಭಾಷಣ)



ಈ ದಿನ ನಾವು ಮಾತಾಡಲಿಕ್ಕೆ ಎತ್ತಿಕೊಂಡ ವಿಷಯವು ಕಿವಿಗೆ ಇಂಪಾದುದಲ್ಲ. ಸಾಹಿತ್ಯವನ್ನೋ ಇತಿಹಾಸವನ್ನೋ ಕುರಿತು ಭಾಷಣ ಮಾಡುವದು ಸುಲಭ. ಕೇಳುವವರಿಗೂ ಅದು ಹಿತ. ಮಕ್ಕಳ ಹೊಟ್ಟೆಯೊಳಗಿನ ಹುಳಗಳನ್ನು ಕುರಿತು ಸಭೆಯಲ್ಲಿ ಮಾತೆತ್ತಿದರೆ ದೊಡ್ಡವರು ಮುಖ ಸಿಂಡರಿಸುವರು. ಆದರೆ ನಾಡೆಂದು ನಾವು ಹೆಮ್ಮೆಯಿಂದ ಕರೆಯುವದು ಕಡೆಗೆ ಈ ಮಣ್ಣನ್ನು, ಈ ಮಣ್ಣಿನ ಮೇಲೆ ಓಡಾಡುವ ಮಕ್ಕಳನ್ನು. ಆ ಮಣ್ಣಿನಿಂದಲೇ ಆ ಮಕ್ಕಳ ರಕ್ತಕ್ಕೆ ಕೇಡು ಬರುತ್ತಿರುವಾಗ ಮರ್ಯಾದೆಯ ನೆವದಿಂದ ಸುಮ್ಮನಿರುವದು ಮರ್ಯಾದೆಯೆನಿಸಲಾರದು.

ನಾವು ವೈದ್ಯರಲ್ಲ, ವಕೀಲರು. ವಕೀಲನಿಗೆ ಹುಳಗಳ ಗೊಡವೆ ಯಾಕೆಂದು ನೀವು ಕೇಳಬಹುದು. ತಪ್ಪು ಮಾಡದವನಿಗೆ ಶಿಕ್ಷೆಯಾಗುತ್ತಿದ್ದರೆ ಅವನ ಪರವಾಗಿ ಎದ್ದು ನಿಂತು ನಾಲ್ಕು ಮಾತು ಆಡುವದು ವಕೀಲನ ಧರ್ಮ. ನಮ್ಮ ಹಳ್ಳಿಯ ಶಾಲೆಗಳಲ್ಲಿ ಅಂಥ ಶಿಕ್ಷೆಯು ದಿನಾಲು ನಡೆದಿರುವದೆಂದು ನಮ್ಮ ನಂಬಿಗೆ. ಮೂರನೆಯ ಇಯತ್ತೆಯ ಒಬ್ಬ ಹುಡುಗನನ್ನು ನಿಮ್ಮ ಕಣ್ಣ ಮುಂದೆ ತಂದುಕೊಳ್ಳಿರಿ. ಮುಖ ಬಿಳಿಚಿದೆ, ಕೈಕಾಲು ಸಣ್ಣವು, ಹೊಟ್ಟೆ ಮಾತ್ರ ಮುಂದೆ ಬಂದಿದೆ. ಪಾಠ ಆರಂಭವಾದ ಸ್ವಲ್ಪ ಹೊತ್ತಿಗೆ ಗೋಡೆಗೆ ಒರಗುತ್ತಾನೆ. ಆಟಕ್ಕೆ ಬಿಟ್ಟರೆ ಎರಡು ಸುತ್ತು ಓಡಿ ಏದುತ್ತ ಕೂಡುತ್ತಾನೆ. ನಿನ್ನೆ ಕಲಿಸಿದ ಮಗ್ಗಿ ಇಂದು ಅವನಿಗೆ ನೆನಪಿಲ್ಲ. ಇವನಿಗೆ ನಮ್ಮ ಶಾಲೆಗಳಲ್ಲಿ ಸಿಕ್ಕುವ ಹೆಸರುಗಳು ಎರಡೇ: ಮಂದ, ಇಲ್ಲವೆ ಮೈಗಳ್ಳ. 2009ರ ಶಿಕ್ಷಣದ ಹಕ್ಕಿನ ಕಾಯದೆಯು ಬೆತ್ತವನ್ನು ಶಾಲೆಯಿಂದ ಹೊರಹಾಕಿತು. ಈ ಎರಡು ಬಿರುದುಗಳನ್ನು ಹೊರಹಾಕುವದು ಯಾವ ಕಾಯದೆಗೂ ಆಗದ ಕೆಲಸ. ಅದು ಉಪಾಧ್ಯಾಯರಿಂದಲೇ ಆಗತಕ್ಕದ್ದು. ಈ ಹುಡುಗನ ಮೇಲೆ ತೀರ್ಪು ಹೇಳುವ ಮೊದಲು ಅವನ ಕಣ್ಣಿನ ಕೆಳರೆಪ್ಪೆಯನ್ನು ಒಂದಿಷ್ಟು ಕೆಳಗೆ ಸರಿಸಿ ನೋಡಿರೆಂದು ನಾವು ಬೇಡುತ್ತೇವೆ. ಅಲ್ಲಿ ಕೆಂಪು ಇಲ್ಲದಿದ್ದರೆ ಅವನ ದೋಷವು ಬುದ್ಧಿಯಲ್ಲಿ ಇಲ್ಲದೆ ರಕ್ತದಲ್ಲಿ ಇರಬಹುದು. ಬಡ ಊಟವೇ ಮೊದಲಾಗಿ ಅದಕ್ಕೆ ಹಲವು ಕಾರಣಗಳುಂಟು. ಅವುಗಳಲ್ಲಿ ಒಂದು ನಾವು ಈಗ ಹೇಳಲಿರುವ ಹುಳಗಳು.

ಮಣ್ಣಿನ ಮೂಲಕ ಹರಡುವ ಕರುಳಿನ ಹುಳಗಳು ಮುಖ್ಯವಾಗಿ ಮೂರು ಬಗೆ. ಮೊದಲನೆಯದು ದುಂಡುಹುಳ, ಅಂದರೆ ನಮ್ಮ ತಾಯಂದಿರು ಜಂತುಹುಳವೆಂದು ಕರೆಯುವದು. ಇದು ಗೇಣುದ್ದವನ್ನೂ ಮೀರಿ 35 ಸೆಂಟಿಮೀಟರಿನವರೆಗೆ ಬೆಳೆಯುವದು. ಎರಡನೆಯದು ಚಾಟಿಹುಳ. ಸುಮಾರು 4 ಸೆಂಟಿಮೀಟರು ಉದ್ದದ ಇದು ತನ್ನ ದಾರದಂಥ ಮುಂಭಾಗವನ್ನು ದೊಡ್ಡ ಕರುಳಿನ ಪೊರೆಯಲ್ಲಿ ಹುಗಿದುಕೊಂಡು ಇರುವದು. ಮೂರನೆಯದು ಕೊಕ್ಕೆಹುಳ. ಉದ್ದ ಒಂದು ಸೆಂಟಿಮೀಟರಿನಷ್ಟೇ. ಆದರೆ ಮೂವರಲ್ಲಿ ರಕ್ತಕ್ಕೆ ಅತಿ ಕೇಡು ಮಾಡುವದು ಇದೇ. ಲೋಕದಲ್ಲಿ ಸುಮಾರು 150 ಕೋಟಿ ಜನರ ಹೊಟ್ಟೆಯಲ್ಲಿ ಈ ಮೂರರೊಳಗೆ ಒಂದಾದರೂ ಇರುವದೆಂದು ವಿಶ್ವ ಆರೋಗ್ಯ ಸಂಸ್ಥೆಯವರ ಲೆಕ್ಕ. ಗುದದ್ವಾರದಲ್ಲಿ ರಾತ್ರಿ ತುರಿಕೆ ಹುಟ್ಟಿಸುವ ಸೂಜಿಹುಳ, ಮಾಂಸದ ಮೂಲಕ ಬರುವ ಲಾಡಿಹುಳ ಇವು ಬೇರೆ ಜಾತಿಯವು. ಇಂದಿನ ಮಾತಿಗೆ ಅವು ಸೇರಿಲ್ಲ.

ಈ ಮೂರು ಹುಳಗಳ ಬಗ್ಗೆ ಮೊದಲು ತಿಳಿಯತಕ್ಕ ಸಂಗತಿಯೊಂದುಂಟು. ಇವು ಮನುಷ್ಯನ ಹೊಟ್ಟೆಯಲ್ಲಿ ಮೊಟ್ಟೆ ಇಡುತ್ತವೆ. ಆದರೆ ಆ ಮೊಟ್ಟೆಗಳು ಹೊಟ್ಟೆಯೊಳಗೇ ಬಲಿತು ಹೊಸ ಹುಳಗಳಾಗಲಾರವು. ಮಲದೊಡನೆ ಹೊರಬಿದ್ದು ಕೆಲವು ಕಾಲ ಮಣ್ಣಿನಲ್ಲಿ ಇದ್ದರೆ ಮಾತ್ರ ಅವುಗಳಿಗೆ ಮುಂದಿನ ಬಾಳು. ಒಂದು ಹೆಣ್ಣು ದುಂಡುಹುಳವು ದಿನಕ್ಕೆ 2 ಲಕ್ಷದವರೆಗೆ ಮೊಟ್ಟೆ ಇಡಬಲ್ಲದು. ಬಯಲಿನಲ್ಲಿ ಬಿದ್ದ ಆ ಮೊಟ್ಟೆ ಎರಡು ಮೂರು ವಾರಗಳಲ್ಲಿ ಬಲಿತು, ಮಗುವಿನ ಉಗುರಿನ ಸಂದಿನಿಂದಲೋ ತೊಳೆಯದ ಸೊಪ್ಪಿನಿಂದಲೋ ಬಾಯಿಗೆ ಹೋಗುವದು. ಸಣ್ಣ ಕರುಳಿನಲ್ಲಿ ಮರಿಯಾಗಿ, ರಕ್ತದೊಡನೆ ಶ್ವಾಸಕೋಶಕ್ಕೆ ಹೋಗಿ, ಅಲ್ಲಿಂದ ಗಂಟಲಿಗೆ ಏರಿ, ಉಗುಳಿನೊಡನೆ ಮರಳಿ ಕರುಳಿಗೆ ಇಳಿದು ದೊಡ್ಡದಾಗುವದು. ಚಾಟಿಹುಳದ ಮೊಟ್ಟೆಯೂ ಬಾಯಿಯಿಂದಲೇ ಬರತಕ್ಕದ್ದು. ಕೊಕ್ಕೆಹುಳದ ದಾರಿ ಬೇರೆ. ಅದರ ಮೊಟ್ಟೆಯು ಬೆಚ್ಚಗಿನ ಹಸಿ ಮಣ್ಣಿನಲ್ಲಿ ಒಂದೆರಡು ದಿನಗಳಲ್ಲಿ ಒಡೆದು, ಐದರಿಂದ ಹತ್ತು ದಿನಗಳೊಳಗೆ ಕಣ್ಣಿಗೆ ಕಾಣದಂಥ ಸಣ್ಣ ಮರಿಯು ಸಿದ್ಧವಾಗುವದು. ನೆರಳೂ ತೇವವೂ ಇದ್ದರೆ ಅದು ಮೂರು ನಾಲ್ಕು ವಾರ ಅಲ್ಲಿಯೇ ಕಾಯುವದು. ಬರಿಗಾಲು ತಾಗಿದೊಡನೆ ತೊಗಲನ್ನು ಕೊರೆದು ಒಳಗೆ ಹೋಗುವದು. ಮಳೆಗಾಲದಲ್ಲಿ ಹುಡುಗರ ಕಾಲ್ಬೆರಳ ಸಂದಿನಲ್ಲಿ ಏಳುವ ತುರಿಕೆಯನ್ನೆಲ್ಲ ನಾವು ಕೆಸರಿನ ಮೇಲೆ ಹಾಕಿ ಬಿಡುತ್ತೇವೆ. ಅದರಲ್ಲಿ ಕೆಲವು ಈ ಅತಿಥಿಯು ಬಾಗಿಲು ದಾಟಿದ ಗುರುತು.

ಇದರಿಂದ ಎರಡು ಮಾತು ತಾವಾಗಿಯೇ ತಿಳಿಯುವವು. ಮಲೆನಾಡು, ಕರಾವಳಿ, ತೋಟಪಟ್ಟಿ, ನೀರಾವರಿಯ ಭೂಮಿ ಇಂಥ ನೆರಳು ತೇವಗಳುಳ್ಳ ಸ್ಥಳಗಳು ಕೊಕ್ಕೆಹುಳಕ್ಕೆ ಹೆಚ್ಚು ಅನುಕೂಲ. ಬಿಸಿಲಿನಿಂದ ಒಣಗಿ ಬಿರಿಯುವ ಬಯಲುಸೀಮೆಯ ಎರೆಹೊಲವು ಅಷ್ಟು ಅನುಕೂಲವಲ್ಲ. ಎರಡನೆಯದಾಗಿ, ಬೆಲ್ಲ ತಿಂದರೆ ಜಂತು ಹುಟ್ಟುವದು, ಸಿಹಿ ಹೆಚ್ಚಾದರೆ ಹುಳ ಬೀಳುವದು ಎಂದು ನಮ್ಮ ಮನೆಗಳಲ್ಲಿ ಆಡುವ ಮಾತಿಗೆ ಆಧಾರವಿಲ್ಲ. ಬೆಲ್ಲದಿಂದ ಹುಳ ಹುಟ್ಟಲಾರದು. ಮಣ್ಣು ಹತ್ತಿದ ಕೈಯಿಂದ ಬೆಲ್ಲ ತಿಂದರೆ ಅದು ಕೈಯ ದೋಷ. ರಾತ್ರಿ ಹಲ್ಲು ಕಡಿದರೆ ಹುಳದ ಲಕ್ಷಣವೆಂಬದೂ ನಂಬತಕ್ಕ ಸಾಕ್ಷಿಯಲ್ಲ. ಮಗುವು ಮಣ್ಣು, ಸುಣ್ಣ, ಬಳಪ ತಿನ್ನುವದನ್ನು ಮಾತ್ರ ಹಗುರಾಗಿ ಎಣಿಸಬೇಡಿರಿ. ರಕ್ತದಲ್ಲಿ ಕಬ್ಬಿಣದ ಅಂಶ ಕಡಮೆಯಾದ ಮಕ್ಕಳಲ್ಲಿ ಆ ಚಟ ಹೆಚ್ಚಾಗಿ ಕಾಣುವದು. ಮಣ್ಣು ತಿಂದುದರಿಂದ ದುಂಡುಹುಳದ ಮೊಟ್ಟೆ ಮತ್ತೆ ಹೊಟ್ಟೆಗೆ ಹೋಗುವದು. ಹೀಗೆ ರೋಗವೂ ಚಟವೂ ಒಂದಕ್ಕೊಂದು ಜಾಮೀನಾಗಿ ನಿಲ್ಲುತ್ತವೆ.

ಇನ್ನು ನಷ್ಟದ ಲೆಕ್ಕ ನೋಡೋಣ. ಕೊಕ್ಕೆಹುಳದಲ್ಲಿ ಎರಡು ಜಾತಿ. ದಕ್ಷಿಣ ಭಾರತದಲ್ಲಿ ಹೆಚ್ಚಾಗಿರುವ ಜಾತಿಯ ಒಂದೊಂದು ಹುಳದಿಂದ ದಿನಕ್ಕೆ ಸುಮಾರು 0.03 ಮಿಲಿಲೀಟರು ರಕ್ತ ಹೋಗುವದು. ಇನ್ನೊಂದು ಜಾತಿಯಿಂದ ಅದರ ಐದು ಪಟ್ಟು, ಅದಕ್ಕಿಂತ ಹೆಚ್ಚೂ ಉಂಟು. ಮಗುವಿನ ಕರುಳಿನಲ್ಲಿ ಸಣ್ಣ ಜಾತಿಯ ನೂರು ಹುಳ ಇದ್ದರೆ ದಿನಕ್ಕೆ 3 ಮಿಲಿಲೀಟರು, ತಿಂಗಳಿಗೆ 90 ಮಿಲಿಲೀಟರು ಆಯಿತು. 20 ಕಿಲೋ ತೂಕದ ಮಗುವಿನ ಮೈಯಲ್ಲಿ ಇರುವ ರಕ್ತವೇ ಒಟ್ಟು ಸುಮಾರು ಒಂದೂವರೆ ಲೀಟರು. ಹೋದ ರಕ್ತದ ಕಬ್ಬಿಣದಲ್ಲಿ ಕೆಲಭಾಗವನ್ನು ಕರುಳು ಮರಳಿ ಹೀರಿಕೊಳ್ಳುವದು ನಿಜ. ಆದರೂ ರೊಟ್ಟಿ ಖಾರ, ಅನ್ನ ಸಾರುಗಳಲ್ಲಿ ಬೆಳೆಯುವ ಬಡವರ ಮಗುವಿಗೆ ಈ ಸಾಲವನ್ನು ತೀರಿಸುವಷ್ಟು ಕಬ್ಬಿಣ ಊಟದಲ್ಲಿ ಎಲ್ಲಿಯದು? ದುಂಡುಹುಳವು ರಕ್ತ ಕುಡಿಯದಿದ್ದರೂ ಅನ್ನದಲ್ಲಿ ಪಾಲು ತೆಗೆದುಕೊಳ್ಳುವದು. ಬಹಳವಾದರೆ ಕರುಳನ್ನೇ ಕಟ್ಟಿ ಪ್ರಾಣಕ್ಕೆ ತರುವದು. ಚಾಟಿಹುಳವು ಹೆಚ್ಚಾದ ಮಗುವಿಗೆ ಆಮಶಂಕೆ ತಪ್ಪದು. ಊಟ ಬಲ್ಲವನಿಗೆ ರೋಗವಿಲ್ಲವೆಂದು ನಮ್ಮ ಗಾದೆ. ಉಂಡ ಊಟದಲ್ಲಿ ಇನ್ನೊಬ್ಬನು ಪಾಲು ಕೇಳುತ್ತಿದ್ದರೆ ಊಟ ಬಲ್ಲುದರಿಂದಲೇ ಏನು ಫಲ? 2002ರಿಂದ ನಮ್ಮ ರಾಜ್ಯದಲ್ಲಿ ಅಕ್ಷರ ದಾಸೋಹವೆಂಬ ಹೆಸರಿನಿಂದ ಶಾಲೆಯಲ್ಲಿ ಮಧ್ಯಾಹ್ನದ ಬಿಸಿಯೂಟ ನಡೆದುಬಂದಿದೆ. 2013ರಿಂದ ಹಾಲೂ ಸೇರಿತು. ಆ ಅನ್ನವು ಮಗುವಿಗೇ ದಕ್ಕುವಂತೆ ನೋಡುವದು ಅನ್ನ ಹಾಕಿದವರ ಕರ್ತವ್ಯವೇ ಅಲ್ಲವೇ?

ಈ ರೋಗದ ನಿಜಸ್ಥಿತಿಯು ಮನುಷ್ಯರಿಗೆ ತಿಳಿದು ಬಂದ ಬಗೆಯೂ ಉಪಾಧ್ಯಾಯರು ಹುಡುಗರಿಗೆ ಹೇಳತಕ್ಕ ಕಥೆಯಾಗಿದೆ. 1838ರಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಆಂಜೆಲೊ ದುಬಿನಿ ಎಂಬ ವೈದ್ಯನು ಸತ್ತ ಒಬ್ಬ ಹೆಂಗಸಿನ ಕರುಳಿನಲ್ಲಿ ಕೊಕ್ಕೆಹುಳವನ್ನು ಕಂಡನು. ಆದರೆ ಅದು ಮಾಡುವ ಕೇಡಿನ ಅಳತೆ ಜನಕ್ಕೆ ತಿಳಿದುದು ನಾಲ್ವತ್ತು ವರ್ಷಗಳ ತರುವಾಯ. ಆಲ್ಪ್ಸ್ ಪರ್ವತವನ್ನು ಕೊರೆದು ಗೊಟ್ಹಾರ್ಡ್ ಸುರಂಗವನ್ನು ತೆಗೆಯುತ್ತಿದ್ದ ಕೂಲಿಕಾರರು 1880ರ ಸುಮಾರಿಗೆ ರಕ್ತಹೀನರಾಗಿ ಬೀಳತೊಡಗಿದರು. ಸುರಂಗದ ಬೆಚ್ಚಗಿನ ಹಸಿ ನೆಲದಲ್ಲಿಯೇ ಅವರ ಮಲವಿಸರ್ಜನೆ, ಅಲ್ಲಿಯೇ ಕೆಲಸ. ಹುಳಕ್ಕೆ ಬೇಕಾದುದು ಅದೇ. 1898ರಲ್ಲಿ ಕೈರೋ ನಗರದಲ್ಲಿ ಆರ್ಥರ್ ಲೂಸ್ ಎಂಬ ಶಾಸ್ತ್ರಜ್ಞನ ಕೈಮೇಲೆ, ಪ್ರಯೋಗಕ್ಕೆಂದು ಇಟ್ಟಿದ್ದ ಮರಿಗಳ ನೀರು ಅಕಸ್ಮಾತ್ತಾಗಿ ಬಿದ್ದಿತು. ಆ ಸ್ಥಳ ತುರಿಸಿ ಕೆಂಪಾಯಿತು. ಕೆಲವು ವಾರಗಳಾದ ಮೇಲೆ ಅವನ ಮಲದಲ್ಲಿಯೇ ಕೊಕ್ಕೆಹುಳದ ಮೊಟ್ಟೆ ಕಂಡವು. ಹುಳವು ತೊಗಲಿನ ಮೂಲಕ ಬರುವದೆಂಬ ಸತ್ಯವು ಹೊರಬಿದ್ದುದು ಹೀಗೆ.

ಅಮೇರಿಕದ ದಕ್ಷಿಣ ಸಂಸ್ಥಾನಗಳಲ್ಲಿ ಬಡ ಜನರಿಗೆ ಸೋಮಾರಿಗಳೆಂಬ ಹೆಸರು ಬಹುಕಾಲದಿಂದ ಅಂಟಿತ್ತು. 1902ರಲ್ಲಿ ಚಾರ್ಲ್ಸ್ ಸ್ಟೈಲ್ಸ್ ಎಂಬಾತನು ಅಲ್ಲಿಯ ಕೊಕ್ಕೆಹುಳವು ಬೇರೊಂದು ಜಾತಿಯದೆಂದು ತೋರಿಸಿ, ಆ ಸೋಮಾರಿತನದ ಹಿಂದೆ ಹುಳದ ಕೈವಾಡವುಂಟೆಂದು ಸಾರಿದನು. ಪತ್ರಿಕೆಗಳು ಅವನನ್ನು ನಕ್ಕವು. 1909ರಲ್ಲಿ ರಾಕ್‌ಫೆಲರ್ ಎಂಬ ಧನಿಕನು ಈ ಕೆಲಸಕ್ಕೆ 10 ಲಕ್ಷ ಡಾಲರು ಕೊಟ್ಟನು. ಪರೀಕ್ಷಿಸಿ ನೋಡಲಾಗಿ ಶಾಲೆಯ ವಯಸ್ಸಿನ ಮಕ್ಕಳಲ್ಲಿ ಶೇಕಡಾ 40ರ ಸುಮಾರಿಗೆ ಈ ಹುಳ ಇತ್ತು. ಮಕ್ಕಳಿಗೆ ಔಷಧ ಕೊಟ್ಟರು, ಊರೂರಿಗೆ ಹೋಗಿ ಪಾಯಖಾನೆಯ ಮಹತ್ವವನ್ನು ಬೋಧಿಸಿದರು. ಹುಳ ಹೆಚ್ಚಾಗಿದ್ದ ಸೀಮೆಗಳಲ್ಲಿ ಆ ಬಳಿಕ ಮಕ್ಕಳ ಹಾಜರಿಯೂ ಅಕ್ಷರಜ್ಞಾನವೂ ಉಳಿದೆಡೆಗಿಂತ ಹೆಚ್ಚಾಗಿ ಏರಿದವೆಂದು ಹೋಯ್ಟ್ ಬ್ಲೀಕ್ಲಿ ಎಂಬ ಅರ್ಥಶಾಸ್ತ್ರಜ್ಞನು 2007ರಲ್ಲಿ ಹಳೆಯ ದಫ್ತರಗಳನ್ನು ತೆಗೆದು ತೋರಿಸಿದ್ದಾನೆ. ಒಂದು ಜನಾಂಗದ ಸ್ವಭಾವವೆಂದು ತಿಳಿದುದು ಅರ್ಧಕ್ಕರ್ಧ ಹೊಟ್ಟೆಯ ಹುಳವಾಗಿದ್ದಿತು. ನಮ್ಮ ಹಳ್ಳಿಯ ಹುಡುಗನ ವಿಷಯದಲ್ಲಿ ನಾವು ಮೊದಲು ಹೇಳಿದ ಮಾತಿಗೂ ಇದಕ್ಕೂ ಅಂತರವಿಲ್ಲ.

ಅಂದಿನ ಔಷಧವು ಕಠಿಣವಾಗಿತ್ತು. ಅದರ ಹಿಂದೆಯೇ ಜುಲಾಬು ಕೊಡಬೇಕಾಗುತ್ತಿತ್ತು. ಇಂದಿನ ಅಲ್ಬೆಂಡಜೋಲ್ ಗುಳಿಗೆಗೆ ಉಪವಾಸವೂ ಬೇಡ, ಜುಲಾಬೂ ಬೇಡ. 400 ಮಿಲಿಗ್ರಾಮಿನ ಒಂದೇ ಗುಳಿಗೆ. ಎರಡು ವರ್ಷದೊಳಗಿನ ಕೂಸಿಗೆ ಅರ್ಧ. ಅದು ಹುಳಕ್ಕೆ ಸಕ್ಕರೆಯನ್ನು ಹೀರುವ ಶಕ್ತಿ ಇಲ್ಲದಂತೆ ಮಾಡಿ ಅದನ್ನು ಉಪವಾಸದಿಂದ ಸಾಯಿಸುವದು. 2015ರ ಫೆಬ್ರುವರಿ 10ರಂದು ನಮ್ಮ ದೇಶದಲ್ಲಿ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನವು ಆರಂಭವಾಯಿತು. 1ರಿಂದ 19 ವರ್ಷದ ಮಕ್ಕಳಿಗೆ ಶಾಲೆ, ಅಂಗನವಾಡಿಗಳಲ್ಲಿ ಗುಳಿಗೆಯನ್ನು ಧರ್ಮಾರ್ಥವಾಗಿ ಕೊಡುವ ಏರ್ಪಾಡು ಇದು. ಇದನ್ನು ನಾವು ಮನಸಾರೆ ಸ್ವಾಗತಿಸುತ್ತೇವೆ.

ಆದರೆ ವಾದಿಸುವವನು ಎದುರು ಪಕ್ಷದ ಸಾಕ್ಷಿಯನ್ನೂ ಕೋರ್ಟಿನ ಮುಂದೆ ಇಡಬೇಕು. ಕೀನ್ಯಾ ದೇಶದಲ್ಲಿ 1998ರಲ್ಲಿ ಆರಂಭಿಸಿ 75 ಶಾಲೆಗಳಲ್ಲಿ ನಡೆಸಿದ ಪ್ರಯೋಗದಲ್ಲಿ ಗುಳಿಗೆಯಿಂದ ಮಕ್ಕಳ ಗೈರುಹಾಜರಿಯು ಕಾಲುಭಾಗದಷ್ಟು ಇಳಿಯಿತೆಂದು ಇಬ್ಬರು ಅರ್ಥಶಾಸ್ತ್ರಜ್ಞರು 2004ರಲ್ಲಿ ಪ್ರಕಟಿಸಿದರು. ಅದೇ ಲೆಕ್ಕವನ್ನು 2015ರಲ್ಲಿ ಬೇರೆಯವರು ಮರಳಿ ಪರಿಶೀಲಿಸಿ ದೋಷಗಳನ್ನು ಎತ್ತಿದರು. ಉತ್ತರ ಪ್ರದೇಶದಲ್ಲಿ ಹತ್ತು ಲಕ್ಷ ಸಣ್ಣ ಮಕ್ಕಳ ಮೇಲೆ ಐದು ವರ್ಷ ನಡೆದು 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಗುಳಿಗೆಯಿಂದ ಮರಣಸಂಖ್ಯೆಯು ಹೇಳತಕ್ಕಷ್ಟು ಇಳಿಯಲಿಲ್ಲ. ಹುಳ ಇದ್ದವರಿಗೂ ಇಲ್ಲದವರಿಗೂ ಒಟ್ಟಿಗೆ ಗುಳಿಗೆ ಕೊಟ್ಟು ಸರಾಸರಿ ತೆಗೆದರೆ ತೂಕದಲ್ಲಿ, ಪರೀಕ್ಷೆಯ ಗುಣಗಳಲ್ಲಿ ದೊಡ್ಡ ಲಾಭ ಕಾಣುವದಿಲ್ಲವೆಂದು ಹಲವು ಪ್ರಯೋಗಗಳನ್ನು ಕೂಡಿಸಿ ನೋಡಿದ ಪಂಡಿತರ ಮತ. ಈ ಸಾಕ್ಷಿಯನ್ನು ನಾವು ಅಲ್ಲಗಳೆಯುವದಿಲ್ಲ. ಸರಾಸರಿಯೆಂಬುದು ಮಾತ್ರ ವಿಚಿತ್ರ ಸಾಕ್ಷಿ. ಹುಳಗಳು ಊರಿನ ಎಲ್ಲ ಮಕ್ಕಳಲ್ಲಿ ಸಮನಾಗಿ ಹಂಚಿರುವದಿಲ್ಲ. ಕೆಲವೇ ಮಕ್ಕಳಲ್ಲಿ ಬಹುಪಾಲು ಹುಳ ಸೇರಿರುವವು. ನಾಲ್ವತ್ತು ಮಕ್ಕಳ ಸರಾಸರಿಯಲ್ಲಿ ಗೋಡೆಗೆ ಒರಗಿದ ಆ ಒಬ್ಬನು ಮುಚ್ಚಿಹೋಗುವನು. ಗುಳಿಗೆಯು ಅವನಿಗಾಗಿ ಬೇಕು. ಅದು ಅಗ್ಗ, ನಿರಪಾಯ. ಅದರಿಂದ ದೇಶವೇ ಉದ್ಧಾರವಾಗುವದೆಂದು ಮಾತ್ರ ಡಂಗುರ ಸಾರಬಾರದು.

ಯಾಕೆಂದರೆ ಗುಳಿಗೆಯು ಹೊಟ್ಟೆಯನ್ನು ತೊಳೆಯುವದು, ನೆಲವನ್ನು ತೊಳೆಯಲಾರದು. ಚಿಕಿತ್ಸೆಯ ನಂತರ ಹುಳಗಳು ಮರಳಿ ಬರುವ ವೇಗವನ್ನು ಕುರಿತು ಅನೇಕ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2012ರಲ್ಲಿ ಪ್ರಕಟಿಸಿದ ಲೆಕ್ಕವೊಂದುಂಟು. ಗುಳಿಗೆ ಕೊಟ್ಟು ಒಂದು ವರ್ಷವಾಗುವಷ್ಟರಲ್ಲಿ ದುಂಡುಹುಳದ ಹರಹು ಮೊದಲಿದ್ದುದರ ಶೇಕಡಾ 94ಕ್ಕೂ, ಚಾಟಿಹುಳದ್ದು ಶೇಕಡಾ 82ಕ್ಕೂ, ಕೊಕ್ಕೆಹುಳದ್ದು ಶೇಕಡಾ 57ಕ್ಕೂ ಮರಳಿ ಬಂದಿತ್ತು. ಇದನ್ನು ವ್ಯವಹಾರದ ಮಾತಿನಲ್ಲಿ ಹೇಳುವದಾದರೆ, ಡಿಕ್ರಿ ನಮಗಾಯಿತು, ಕಬಜೆ ಮಾತ್ರ ಹುಳದ ಕೈಯಲ್ಲಿಯೇ ಉಳಿಯಿತು. ಆ ನೆಲದ ಕಬಜೆಯನ್ನು ಬಿಡಿಸಿಕೊಳ್ಳುವದೇ ನಿಜವಾದ ಕೆಲಸ.

ಹಾಗಾದರೆ ಪಾಯಖಾನೆ ಕಟ್ಟಿಸಿದರೆ ಸಾಕೇ? 2011ರ ಜನಗಣತಿಯ ಕಾಲಕ್ಕೆ ಕರ್ನಾಟಕದ ಹಳ್ಳಿಗಳಲ್ಲಿ ಪಾಯಖಾನೆ ಉಳ್ಳ ಮನೆಗಳು ಶೇಕಡಾ 30ಕ್ಕೂ ಕಡಮೆ ಇದ್ದವು. 2014ರ ಅಕ್ಟೋಬರ 2ರಂದು ಸ್ವಚ್ಛ ಭಾರತದ ಕಾರ್ಯಕ್ರಮವು ಆರಂಭವಾದ ಮೇಲೆ ಊರೂರಲ್ಲಿ ಅವು ಎದ್ದವು. ಇದು ಸಣ್ಣ ಮಾತಲ್ಲ. ಆದರೆ ಒಡಿಶಾದ ಪುರಿ ಜಿಲ್ಲೆಯ 100 ಹಳ್ಳಿಗಳಲ್ಲಿ ನಡೆದ ಪ್ರಯೋಗದ ಫಲವನ್ನು ಅದೇ 2014ರಲ್ಲಿ ಪ್ರಕಟಿಸಿದರು. ಅದನ್ನು ನಾವು ಮರೆಯಬಾರದು. ಪ್ರಯೋಗಕ್ಕೆ ಆರಿಸಿದ ಊರುಗಳಲ್ಲಿ ಪಾಯಖಾನೆಯುಳ್ಳ ಮನೆಗಳು ಶೇಕಡಾ 9ರಿಂದ 63ಕ್ಕೆ ಏರಿದವು. ಹಾಗಿದ್ದೂ ಮಕ್ಕಳ ಭೇದಿಯಾಗಲಿ, ಹೊಟ್ಟೆಯ ಹುಳವಾಗಲಿ ಕಡಮೆಯಾಗಲಿಲ್ಲ. ಕಟ್ಟಿದವುಗಳಲ್ಲಿ ಅನೇಕವು ಬಳಕೆಗೆ ತಕ್ಕಂತೆ ಇರಲಿಲ್ಲ. ತಕ್ಕಂತೆ ಇದ್ದವನ್ನೂ ಮನೆಯವರೆಲ್ಲರೂ ಬಳಸುತ್ತಿರಲಿಲ್ಲ. ಊರಿನ ಅರ್ಧ ಜನ ಬಯಲಿಗೆ ಹೋಗುತ್ತಿದ್ದರೆ ಉಳಿದ ಅರ್ಧ ಜನರ ಮಕ್ಕಳೂ ಅದೇ ನೆಲವನ್ನೇ ತುಳಿಯಬೇಕು. ಬಾವಿಯು ಒಬ್ಬನು ಉಗುಳಿದರೂ ಎಲ್ಲರಿಗೆ ಕೆಡುವಂತೆ, ನೆಲವೂ ಎಲ್ಲರಿಗೆ ಕೂಡಿಯೇ ಕೆಡುವದು, ಕೂಡಿಯೇ ಶುದ್ಧವಾಗುವದು.

ಬಳಸದೆ ಇರುವದಕ್ಕೆ ಕಾರಣವನ್ನೂ ನಾವು ಸಂಕೋಚವಿಲ್ಲದೆ ಹೇಳಬೇಕು. ಗುಂಡಿ ತುಂಬಿದರೆ ಬಳಿಯುವವರು ಯಾರು ಎಂಬ ಅಂಜಿಕೆ ಒಂದು. ಆ ಕೆಲಸವು ನಮ್ಮದಲ್ಲ, ಇಂಥ ಜಾತಿಯವರದು ಎಂಬ ಹಳೆಯ ಪಾಪ ಇನ್ನೊಂದು. ಎರಡು ಗುಂಡಿಯ ಪಾಯಖಾನೆಯಲ್ಲಿ ಈ ಅಂಜಿಕೆಗೆ ಕಾರಣವಿಲ್ಲ. ಒಂದು ಗುಂಡಿಯು ತುಂಬಲಿಕ್ಕೆ ಕೆಲವು ವರ್ಷ ಬೇಕು. ತುಂಬಿದ ಮೇಲೆ ಅದನ್ನು ಮುಚ್ಚಿ ಇನ್ನೊಂದಕ್ಕೆ ದಾರಿ ತಿರುಗಿಸಿ, ಎರಡು ವರ್ಷದ ಹತ್ತಿರ ಬಿಟ್ಟರೆ ಒಳಗಿನದು ನಾತವಿಲ್ಲದ ಮಣ್ಣುಗೊಬ್ಬರವಾಗುವದು. ಮನೆಯವನೇ ಸಲಿಕೆಯಿಂದ ತೆಗೆದು ಹೊಲಕ್ಕೆ ಹಾಕಬಹುದು. ಅವಸರ ಮಾತ್ರ ಮಾಡಬಾರದು. ದುಂಡುಹುಳದ ಮೊಟ್ಟೆಯು ಬಲು ಗಟ್ಟಿಜೀವ. ಮನುಷ್ಯನಿಂದ ಹಸಿ ಮಲವನ್ನು ಬಳಿಸುವದನ್ನು 1993ರ ಹಾಗೂ 2013ರ ಕಾಯದೆಗಳು ನಿಷೇಧಿಸಿವೆ. ತನ್ನ ಮಲವನ್ನು ತಾನೇ ಮಣ್ಣಿನಿಂದ ಮುಚ್ಚಬೇಕೆಂದೂ, ಭಂಗಿಯ ಕೆಲಸವನ್ನು ಪ್ರತಿಯೊಬ್ಬನೂ ತನ್ನ ಕೈಯಿಂದ ಮಾಡಬೇಕೆಂದೂ ಮಹಾತ್ಮಾ ಗಾಂಧಿಯವರು ತಮ್ಮ ಆಶ್ರಮಗಳಲ್ಲಿ ಮಾಡಿ ತೋರಿಸಿದರು. ನಾವು ಅವರ ಚಿತ್ರಕ್ಕೆ ಹಾರ ಹಾಕುವದನ್ನು ಕಲಿತೆವು, ಗುದ್ದಲಿ ಹಿಡಿಯುವದನ್ನು ಕಲಿಯಲಿಲ್ಲ.

ಇದೆಲ್ಲ ನಮ್ಮಿಂದ ಆಗುವದೇ ಎಂದು ಕೈಚೆಲ್ಲುವವರಿಗೆ ದಕ್ಷಿಣ ಕೊರಿಯದ ದೃಷ್ಟಾಂತವನ್ನು ಹೇಳುತ್ತೇವೆ. 1963ರಲ್ಲಿ ಅಲ್ಲಿ ಒಂಬತ್ತು ವರ್ಷದ ಹುಡುಗಿಯೊಬ್ಬಳ ಕರುಳಿನಿಂದ ಸಾವಿರಕ್ಕೂ ಮೇಲ್ಪಟ್ಟು ದುಂಡುಹುಳಗಳು ಹೊರಬಂದವು, ಮಗು ಬದುಕಲಿಲ್ಲ. ದೇಶವು ನಾಚಿತು. 1966ರಲ್ಲಿ ಕಾಯದೆಯಾಯಿತು. ಶಾಲೆಯ ಮಕ್ಕಳ ಮಲವನ್ನು ವರ್ಷಕ್ಕೆ ಎರಡು ಸಲ ಪರೀಕ್ಷಿಸಿ, ಹುಳ ಕಂಡವರಿಗೆ ಔಷಧ ಕೊಡುವ ಪದ್ಧತಿಯು ವರ್ಷಾನುಗಟ್ಟಲೆ ನಡೆಯಿತು. 1971ರ ದೇಶವ್ಯಾಪಿ ಪರೀಕ್ಷೆಯಲ್ಲಿ ಜನರಲ್ಲಿ ಶೇಕಡಾ 84.3ರಷ್ಟು ಮಂದಿಯಲ್ಲಿ ಯಾವದಾದರೊಂದು ಕರುಳಿನ ಪರೋಪಜೀವಿಯು ಕಂಡಿತ್ತು. 1997ರಲ್ಲಿ ಅದು ಶೇಕಡಾ 2.4ಕ್ಕೆ ಇಳಿಯಿತು. ಬರಿಯ ಔಷಧದಿಂದಲೇ ಇದು ಆದುದಲ್ಲ. ಹಸಿ ಮಲವನ್ನು ಹೊಲಕ್ಕೆ ಹಾಕುವ ಪದ್ಧತಿಯು ನಿಂತಿತು, ಮನೆಗಳೂ ಪಾಯಖಾನೆಗಳೂ ಸುಧಾರಿಸಿದವು. ಶಾಲೆಯೂ ನೆಲವೂ ಕೂಡಿ ಸುಧಾರಿಸಿದುದರಿಂದ ಒಂದು ತಲೆಮಾರಿನೊಳಗೆ ಕೆಲಸ ಮುಗಿಯಿತು.

ಇನ್ನು ನಾವು ಮಾಡತಕ್ಕದ್ದೇನು? ಮೊದಲು ಉಪಾಧ್ಯಾಯರಿಗೆ ನಮ್ಮ ವಿನಂತಿ. ಗುಳಿಗೆಯ ದಿನ ಬಂದಾಗ ಹಾಜರಿದ್ದವರಿಗೆ ಕೊಟ್ಟು ಲೆಕ್ಕ ಬರೆದರೆ ಕೆಲಸ ತೀರಿತೆಂದು ತಿಳಿಯಬೇಡಿರಿ. ಅಂದು ಬಾರದ ಮಗುವೇ ಹೆಚ್ಚು ನಿತ್ರಾಣವಾದ ಮಗು ಇರಬಹುದು. ಉಳಿದವರಿಗಾಗಿ ಇಟ್ಟಿರುವ ಎರಡನೆಯ ದಿನಕ್ಕೆ ಗೈರುಹಾಜರಿಯ ಪಟ್ಟಿಯನ್ನು ಕೈಯಲ್ಲಿ ಹಿಡಿದು ಅವರನ್ನು ಕರೆಯಿಸಿರಿ. ಶಾಲೆ ಬಿಟ್ಟ ಮಕ್ಕಳನ್ನೂ ಕರೆಯಿಸಿರಿ. ಗುಳಿಗೆಯನ್ನು ನಿಮ್ಮ ಕಣ್ಣೆದುರಿಗೆ ಅಗಿದು ತಿನ್ನಿಸಿರಿ. ಸಣ್ಣವರಿಗೆ ಪುಡಿಮಾಡಿ ನೀರಿನೊಡನೆ ಕೊಡಿರಿ. ಜ್ವರ ಬಂದ ಮಗುವಿಗೆ ಅಂದು ಬೇಡ. ಹುಳ ಬಹಳ ಇದ್ದ ಮಗುವಿಗೆ ಒಂದಿಷ್ಟು ಹೊಟ್ಟೆನೋವು, ಓಕರಿಕೆ ಆಗಬಹುದು. ಅದು ಬಹುತೇಕ ತಾನಾಗಿ ಇಳಿಯುವದು. ಇದನ್ನು ತಾಯಿತಂದೆಗಳಿಗೆ ಹಿಂದಿನ ದಿನವೇ ತಿಳಿಸಿದರೆ, ಗುಳಿಗೆಯಿಂದ ವಿಷವೇರಿತೆಂಬ ಗಾಳಿಸುದ್ದಿಗೆ ಆಸ್ಪದವಿರದು. ಬಿಳಿಚಿದ ಮಗುವನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳಿಸಿ ರಕ್ತಪರೀಕ್ಷೆ ಮಾಡಿಸಿರಿ. ಹುಳವನ್ನು ಕೊಂದ ಮಾತ್ರಕ್ಕೆ ಹೋದ ರಕ್ತವು ಬಾರದು, ಅದಕ್ಕೆ ಕಬ್ಬಿಣದ ಗುಳಿಗೆಯೂ ಸೊಪ್ಪು ಕಾಳುಗಳೂ ಬೇಕು.

ಎರಡನೆಯದಾಗಿ, ಶಾಲೆಯ ಪಾಯಖಾನೆಯ ಬೀಗವನ್ನು ತೆಗೆಯಿರಿ. ಹುಡುಗರಿಗೆ ಬೇರೆ, ಹುಡುಗಿಯರಿಗೆ ಬೇರೆ ಪಾಯಖಾನೆಯೂ ಕುಡಿಯಲು ಶುದ್ಧ ನೀರೂ ಇರಬೇಕೆಂದು 2009ರ ಕಾಯದೆಯ ಅನುಸೂಚಿಯೇ ಹೇಳುವದು. ಬೀಗ ಹಾಕಿದ ಪಾಯಖಾನೆಯು ಕಾಯದೆಗೆ ಉತ್ತರವಾದೀತು, ಮಗುವಿಗೆ ಆಗಲಾರದು. ಬಿಸಿಯೂಟದ ಮುಂಚೆ ಸಾಬೂನಿನಿಂದ ಕೈ ತೊಳೆಯಿಸುವದು, ವಾರಕ್ಕೊಮ್ಮೆ ಉಗುರು ನೋಡುವದು ಇವುಗಳಿಗೆ ಹತ್ತು ನಿಮಿಷ ಸಾಕು. ಶುದ್ಧಿಯ ಕೆಲಸವನ್ನು ಒಂದೇ ಜಾತಿಯ ಮಕ್ಕಳಿಗೆ ಎಂದೂ ಹಚ್ಚಬೇಡಿರಿ. ಅಂಥ ಶುದ್ಧಿಗಿಂತ ಹೊಲಸೇ ಲೇಸು. ಕಾಲಿನ ವಿಷಯದಲ್ಲಿಯೂ ಒಂದು ಮಾತು. ಸರಕಾರವು ಶಾಲೆಯ ಮಕ್ಕಳಿಗೆ ಪಾದರಕ್ಷೆ ಹಂಚಿದ್ದುಂಟು. ಆದರೆ ಮಗುವಿಗೆ ಹುಳ ಹತ್ತುವದು ಮುಂಜಾನೆ ಬರಿಗಾಲಿನಿಂದ ಗದ್ದೆಯ ಅಂಚಿಗೆ ಹೋದಾಗ; ಆಗ ಪಾದರಕ್ಷೆಯು ಮನೆಯ ಗೂಟಕ್ಕೆ ತೂಗುತ್ತಿರುವದು. ಪಾದರಕ್ಷೆಯು ಶಾಲೆಯ ಉಡುಪಿನ ಅಲಂಕಾರವಲ್ಲ, ಹಸಿ ನೆಲಕ್ಕೆ ಹೋಗುವಾಗ ಮೆಟ್ಟತಕ್ಕದ್ದೆಂದು ಮಕ್ಕಳಿಗೆ ತಿಳಿಸಿರಿ. ಹುಳದ ಬಾಳಿನ ಸುತ್ತನ್ನು ಹಲಗೆಯ ಮೇಲೆ ಬರೆದು ಕಲಿಸಿರಿ. ಮಕ್ಕಳು ಅದನ್ನು ಮನೆಗೆ ಒಯ್ಯುವರು.

ಪಟ್ಟಣದ ಗೃಹಸ್ಥರೇ, ಇದು ಹಳ್ಳಿಯವರ ಪಾಡೆಂದು ನೀವು ಎದ್ದು ಹೋಗುವಂತಿಲ್ಲ. ಕೊಳಚೆಯ ನೀರಿನಲ್ಲಿ ಬೆಳೆದ ಸೊಪ್ಪು ನಿಮ್ಮ ಅಡಿಗೆಮನೆಗೇ ಬರುವದು. ನಿಮ್ಮಲ್ಲಿ ಬಹುಜನರಿಗೆ ಹಳ್ಳಿಯಲ್ಲಿ ಮನೆ, ಹೊಲ, ನೆಂಟರು ಉಂಟು. ಗ್ರಾಮಸಭೆಗೆ ಹೋಗಿ ಮೂರೇ ಪ್ರಶ್ನೆ ಕೇಳಿರಿ: ಊರಿನಲ್ಲಿ ಎಷ್ಟು ಪಾಯಖಾನೆಗಳಿಗೆ ನೀರು ಉಂಟು? ಎಷ್ಟು ಬಳಕೆಯಲ್ಲಿವೆ? ಶಾಲೆಯ ಪಾಯಖಾನೆಯನ್ನು ತೊಳೆಯುವದಕ್ಕೆ ಹಣ ಎಲ್ಲಿಂದ ಬರುವದು? ಕಟ್ಟಡದ ಉದ್ಘಾಟನೆಗೆ ಕರೆದರೆ ಹೋಗುವವರು ಅನೇಕರು. ವರ್ಷದ ತರುವಾಯ ಹೋಗಿ ಅದರ ಬಾಗಿಲು ತೆರೆದು ನೋಡುವವರು ನಾಲ್ವರಾದರೂ ಬೇಕು.

ಇದು ಉಪಾಧ್ಯಾಯರ ಕೆಲಸವಲ್ಲ, ಜನಗಣತಿ, ಚುನಾವಣೆ, ಊಟದ ಲೆಕ್ಕ ಇವೆಲ್ಲವೂ ಅವರ ತಲೆಯ ಮೇಲೆಯೇ ಇವೆಯೆಂದು ಕೆಲವರು ಹೇಳುವರು. ಆ ದೂರಿನಲ್ಲಿ ಸತ್ಯವುಂಟು. ಆದರೆ ಮಗುವಿನ ಮುಖವನ್ನು ವರ್ಷಕ್ಕೆ ಇನ್ನೂರು ದಿನ ಎದುರಿಗೆ ಕಾಣುವವರು ಉಪಾಧ್ಯಾಯರ ಹೊರತು ಇನ್ನಾರೂ ಇಲ್ಲ. ವೈದ್ಯನು ಕಾಣುವದು ಮಗುವು ಹಾಸಿಗೆ ಹಿಡಿದ ಮೇಲೆ. ರಕ್ತವಿಲ್ಲದ ಮಗುವಿಗೆ ಕಲಿಸಿದ ಪಾಠವು ತೂತುಬಿದ್ದ ಕೊಡಕ್ಕೆ ನೀರು ಹೊಯ್ದಂತೆ. ಆ ತೂತನ್ನು ಮುಚ್ಚಿಸುವದೂ ನಮ್ಮ ಅಭ್ಯಾಸಕ್ರಮದೊಳಗಿನ ಪಾಠವೇ ಎಂದು ನೀವು ತಿಳಿಯುವದಾದರೆ ನಿಮ್ಮ ಶ್ರಮ ಹೆಚ್ಚಾಗದು, ಹಗುರಾದೀತು.

ಮಹಾಶಯರೇ, ನಮ್ಮ ಬೇಡಿಕೆ ಇಷ್ಟೇ. ನಾಳೆ ನಿಮ್ಮ ನಿಮ್ಮ ಶಾಲೆಗೆ ಹೋದಾಗ ಮೂರು ಮಕ್ಕಳ ಹೆಸರನ್ನು ಬರೆದುಕೊಳ್ಳಿರಿ: ತೂಕಡಿಸುವವರು, ಏದುವವರು, ಪದೇ ಪದೇ ತಪ್ಪಿಸಿಕೊಳ್ಳುವವರು. ಅವರನ್ನು ಬಯ್ಯುವ ಮೊದಲು ಆರೋಗ್ಯ ಕೇಂದ್ರಕ್ಕೆ ತೋರಿಸಿರಿ. ಅದೇ ದಿನ ಶಾಲೆಯ ಪಾಯಖಾನೆಯ ಬೀಗದ ಕೈ ಎಲ್ಲಿರುವದೆಂದು ವಿಚಾರಿಸಿರಿ. ಮುಂದಿನ ಗ್ರಾಮಸಭೆಯಲ್ಲಿ ನೀರಿನ ಮಾತನ್ನು ಎತ್ತಿರಿ.